ಫುಲ್ ಸ್ಟ್ಯಾಕ್ ಓಪನ್ ಕೋರ್ಸ್: ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಹೋಗಬೇಕೆಂದಿರುವವರ ಕಣ್ಣಿನಿಂದ ಒಂದು ವಿಮರ್ಶೆ

ಮೂರ್ನಾಲ್ಕು ವರ್ಷ ಟೆಸ್ಟಿಂಗ್ ಮಾಡಿದವರಿಗೆ ಕೋಡ್ ಹೊಸದಲ್ಲ. ಸೆಲೆನಿಯಮ್‌ನಲ್ಲೋ ಪ್ಲೇರೈಟ್‌ನಲ್ಲೋ ಸ್ಕ್ರಿಪ್ಟ್ ಬರೆದಿರುತ್ತಾರೆ, ಪೋಸ್ಟ್‌ಮ್ಯಾನ್‌ನಲ್ಲಿ ಎಪಿಐ ಪರೀಕ್ಷಿಸಿರುತ್ತಾರೆ, ಡೇಟಾಬೇಸ್‌ಗೆ ಕ್ವೆರಿ ಹಾಕಿ ನೋಡಿರುತ್ತಾರೆ. ಆದರೂ ಡೆವಲಪರ್ ಹುದ್ದೆಯ ಸಂದರ್ಶನದಲ್ಲಿ ಖಾಲಿ ಫೈಲ್ ಮುಂದಿಟ್ಟು "ಒಂದು ಸಣ್ಣ ಸರ್ವಿಸ್ ಬರೆಯಿರಿ" ಎಂದರೆ ಕೈ ಓಡುವುದಿಲ್ಲ. ಭಾಷೆ ಬಾರದೆ ಹೀಗಾಗುವುದು ಅಪರೂಪ. ಟೆಸ್ಟ್ ಸ್ಕ್ರಿಪ್ಟ್ ಮೇಲಿಂದ ಕೆಳಗೆ ಒಮ್ಮೆ ಓಡಿ ಮುಗಿಯುತ್ತದೆ. ಅಪ್ಲಿಕೇಶನ್ ತಿಂಗಳುಗಟ್ಟಲೆ ಓಡುತ್ತಲೇ ಇರುತ್ತದೆ. ಇಬ್ಬರು ಒಂದೇ ದಾಖಲೆಯನ್ನು ಒಟ್ಟೊಟ್ಟಿಗೆ ತಿದ್ದುತ್ತಾರೆ, ನೆಟ್‌ವರ್ಕ್ ನಡುವೆ ಕೈಕೊಡುತ್ತದೆ, ನಿನ್ನೆ ಉಳಿಸಿದ ಡೇಟಾ ಇಂದಿನ ಕೋಡಿಗೆ ಹೊಂದುವುದಿಲ್ಲ. ಆಗೆಲ್ಲ ಏನಾಗಬೇಕೆಂದು ಮೊದಲೇ ತೀರ್ಮಾನಿಸಬೇಕಾದವರು ಡೆವಲಪರ್. ಆ ತೀರ್ಮಾನದಲ್ಲಿ ತಪ್ಪು ಹುಡುಕುವುದರಲ್ಲಿ ಟೆಸ್ಟರ್‌ಗಳು ಪಳಗಿರುತ್ತಾರೆ, ತಾವೇ ತೀರ್ಮಾನಿಸುವ ಸಂದರ್ಭ ಮಾತ್ರ ಅವರಿಗೆ ಬಂದಿರುವುದಿಲ್ಲ.

ಪರದೆಯಿಂದ ಹಿಡಿದು ಸರ್ವರ್, ಡೇಟಾಬೇಸ್‌ವರೆಗೆ ವೆಬ್ ಅಪ್ಲಿಕೇಶನ್ ಕಟ್ಟುವುದನ್ನು ಕಲಿಸುವ ಹೆಲ್ಸಿಂಕಿ ವಿಶ್ವವಿದ್ಯಾಲಯದ ಫುಲ್ ಸ್ಟ್ಯಾಕ್ ಓಪನ್ ಕೋರ್ಸನ್ನು ಈ ಒಂದು ಅಳತೆಗೋಲಿನಿಂದಲೇ ನೋಡಬೇಕು. ತೀರ್ಮಾನಿಸುವ ಅಭ್ಯಾಸ ಇದರಿಂದ ಬರುತ್ತದೆಯೇ? ನಮ್ಮ ಉತ್ತರ: ಬರುತ್ತದೆ, ಅದರಲ್ಲೂ 3 ಮತ್ತು 4ನೇ ಭಾಗಗಳಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಎರಡು ಮುಖ್ಯ ವಿಷಯಗಳಲ್ಲಿ ಕೋರ್ಸ್ ಕೈಬಿಡುತ್ತದೆ, ಅವನ್ನು ಬೇರೆಡೆ ತುಂಬಿಕೊಳ್ಳಬೇಕು.

ಏನಿದೆ, ಯಾರಿಗೆ

ಕೋರ್ಸ್ ಪೂರ್ತಿ ಉಚಿತ, ಪ್ರಮಾಣಪತ್ರಕ್ಕೂ ಹಣ ಕೊಡಬೇಕಿಲ್ಲ. ವಿಡಿಯೋ ಪಾಠಗಳ ಸರಣಿಯಲ್ಲ, ಓದಿ ಮಾಡುವ ಕೋರ್ಸ್. 0ರಿಂದ 13ರವರೆಗೆ ಭಾಗಗಳಿವೆ. 0ರಿಂದ 5 ಮೂಲ ಕೋರ್ಸ್: ವೆಬ್ ಹೇಗೆ ಕೆಲಸ ಮಾಡುತ್ತದೆ, ರಿಯಾಕ್ಟ್ (ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ), ಸರ್ವರ್ ಜೊತೆ ಮಾತುಕತೆ, ನೋಡ್ ಮತ್ತು ಎಕ್ಸ್‌ಪ್ರೆಸ್ (ಜಾವಾಸ್ಕ್ರಿಪ್ಟ್‌ನಲ್ಲಿ ಸರ್ವರ್ ಬರೆಯುವ ಸಾಧನಗಳು), ಸರ್ವರ್ ಟೆಸ್ಟಿಂಗ್ ಮತ್ತು ಬಳಕೆದಾರರ ನಿರ್ವಹಣೆ, ರಿಯಾಕ್ಟ್ ಟೆಸ್ಟಿಂಗ್. ಮುಂದಿನ ಭಾಗಗಳಲ್ಲಿ ಸ್ಟೇಟ್ (ಅಪ್ಲಿಕೇಶನ್ ನೆನಪಿಟ್ಟುಕೊಳ್ಳುವ ಡೇಟಾ) ನಿರ್ವಹಣೆ, ಗ್ರಾಫ್‌ಕ್ಯೂಎಲ್, ಟೈಪ್‌ಸ್ಕ್ರಿಪ್ಟ್, ರಿಯಾಕ್ಟ್ ನೇಟಿವ್, ಸಿಐ/ಸಿಡಿ (ಕೋಡ್ ಬದಲಾದಾಗಲೆಲ್ಲ ಟೆಸ್ಟ್ ಮತ್ತು ಬಿಡುಗಡೆ ತಾನಾಗಿ ನಡೆಸುವ ವ್ಯವಸ್ಥೆ), ಕಂಟೈನರ್, ರಿಲೇಶನಲ್ ಡೇಟಾಬೇಸ್ ಬರುತ್ತವೆ.

ಮೂಲ ಕೋರ್ಸಿಗೆ 5 ಯುರೋಪಿಯನ್ ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಎಂಬ ಲೆಕ್ಕದಲ್ಲಿ 125ರಿಂದ 150 ಗಂಟೆಯ ಕೆಲಸ. ಉದ್ಯೋಗದ ಜೊತೆಗೆ ವಾರಕ್ಕೆ 8 ಗಂಟೆ ಕೊಟ್ಟರೆ ಸುಮಾರು ನಾಲ್ಕು ತಿಂಗಳು ಬೇಕು. ಇದಕ್ಕಿಂತ ಬೇಗ ಮುಗಿಸುತ್ತೇನೆಂದು ಹೊರಟರೆ ಸಾಮಾನ್ಯವಾಗಿ 4ನೇ ಭಾಗದಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ.

ಪ್ರೋಗ್ರಾಮಿಂಗ್ ಚೆನ್ನಾಗಿ ಬರಬೇಕು, ವೆಬ್, ಡೇಟಾಬೇಸ್ ಮತ್ತು ಗಿಟ್‌ನ ಮೂಲ ಪರಿಚಯ ಇರಬೇಕು ಎಂದು ಕೋರ್ಸ್ ಮೊದಲೇ ಹೇಳಿಬಿಡುತ್ತದೆ. ಇದನ್ನು ಔಪಚಾರಿಕ ಮಾತೆಂದು ತಳ್ಳಿಹಾಕಬೇಡಿ. ಜಾವಾಸ್ಕ್ರಿಪ್ಟ್‌ಗೆ ಇಲ್ಲಿ ಸಿಗುವ ಜಾಗ 1ನೇ ಭಾಗದ ಒಂದು ಅಧ್ಯಾಯ ಮಾತ್ರ. ಬರೀ ಮ್ಯಾನುವಲ್ ಟೆಸ್ಟಿಂಗ್ ಮಾಡಿದವರಿಗೆ ಅಷ್ಟು ಸಾಲದು. ಒಂದು ಅರೇಯ ಮೇಲೆ ಮ್ಯಾಪ್, ಫಿಲ್ಟರ್, ರೆಡ್ಯೂಸ್ ಮೂರನ್ನೂ ನೋಡಿಕೊಳ್ಳದೆ ಬರೆಯಲು ಬಂದರೆ, ಪ್ರಾಮಿಸ್ ಎಂದರೇನು ಎಂದು ಎರಡು ವಾಕ್ಯದಲ್ಲಿ ಹೇಳಲು ಬಂದರೆ ಶುರು ಮಾಡಬಹುದು. ಬಾರದಿದ್ದರೆ ಅದೇ ವಿಶ್ವವಿದ್ಯಾಲಯದ ಪೈಥಾನ್ ಅಥವಾ ಜಾವಾ ಪ್ರೋಗ್ರಾಮಿಂಗ್ ಕೋರ್ಸ್‌ನಿಂದ ಹೊರಡುವುದು ಒಳ್ಳೆಯದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಿಮ್ಮ ಕಂಪನಿಯ ಪ್ರಾಡಕ್ಟ್ ಜಾವಾ ಮತ್ತು ಅದರ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿದ್ದು, ನೀವು ಸೆಲೆನಿಯಮ್ ಸ್ಕ್ರಿಪ್ಟ್‌ಗಳನ್ನೂ ಜಾವಾದಲ್ಲೇ ಬರೆಯುತ್ತಿದ್ದರೆ ಈ ಕೋರ್ಸ್ ನಿಮಗಲ್ಲ. ಅದೇ ಕಂಪನಿಯೊಳಗೆ ತಂಡ ಬದಲಿಸುವುದು ಹೊರಗೆ ಕೆಲಸ ಹುಡುಕುವುದಕ್ಕಿಂತ ಸುಲಭ, ಅದಕ್ಕೆ ಬೇಕಾದದ್ದು ಆ ಪ್ರಾಡಕ್ಟಿನ ಭಾಷೆ. ಹೆಲ್ಸಿಂಕಿಯ ಜಾವಾ ಕೋರ್ಸಿನ 14 ಭಾಗಗಳಲ್ಲಿ, ಹೆಚ್ಚಾಗಿ ಜಾವಾಎಫ್‌ಎಕ್ಸ್ (ಜಾವಾದಲ್ಲಿ ಪರದೆ ಕಟ್ಟುವ ಲೈಬ್ರರಿ) ಇರುವ ಕೊನೆಯ ಎರಡನ್ನು ಬಿಟ್ಟು ಉಳಿದದ್ದು ನಿಮ್ಮ ಕೆಲಸಕ್ಕೆ ಹೆಚ್ಚು ಹತ್ತಿರ.

0ರಿಂದ 2: ಸುಲಭವೆನಿಸಿದರೂ ಹಾರಿಸಬಾರದ ಜಾಗಗಳು

0ನೇ ಭಾಗ ಟೆಸ್ಟರ್‌ಗಳಿಗೆ ಮನೆಯಂಗಳ. ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದು, ಒಂದು ಟಿಪ್ಪಣಿ ಉಳಿಸಿದಾಗ ಯಾವ ಯಾವ ರಿಕ್ವೆಸ್ಟ್ ಹೋಗುತ್ತವೆ ಎಂದು ಸೀಕ್ವೆನ್ಸ್ ಡಯಾಗ್ರಾಮ್ ಬಿಡಿಸಬೇಕು. ಹಳೆಯ ಶೈಲಿಯ ಪುಟದಲ್ಲಿ ಪೋಸ್ಟ್ ರಿಕ್ವೆಸ್ಟ್‌ಗೆ ಸರ್ವರ್ 302 (ಬೇರೆ ವಿಳಾಸಕ್ಕೆ ಹೋಗು ಎಂಬ ಸಂಕೇತ) ಕೊಡುತ್ತದೆ. ಬ್ರೌಸರ್ ಪುಟವನ್ನು ಮತ್ತೆ ತರಿಸಿಕೊಂಡು ಅದರ ಹಿಂದೆ ಸಿಎಸ್‌ಎಸ್, ಸ್ಕ್ರಿಪ್ಟ್, ಡೇಟಾ ಎಲ್ಲವನ್ನೂ ಕೇಳುತ್ತದೆ. ಸಿಂಗಲ್ ಪೇಜ್ ಆವೃತ್ತಿಯಲ್ಲಿ ಒಂದೇ ಪೋಸ್ಟ್, ಉತ್ತರ 201, ಅಂದರೆ ಸೃಷ್ಟಿಯಾಯಿತು. ಈ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ರಿಯಾಕ್ಟ್ ಯಾಕೆ ಹಾಗಿದೆ ಎಂಬುದು ಅರ್ಧ ತಿಳಿದಂತೆ.

1ನೇ ಭಾಗದಲ್ಲಿ ಎಡವುವುದು ಸ್ಟೇಟ್ ವಿಷಯದಲ್ಲಿ. ಟೆಸ್ಟ್ ಸ್ಕ್ರಿಪ್ಟಿನಲ್ಲಿ ವೇರಿಯಬಲ್‌ಗೆ ಬೆಲೆ ಕೊಟ್ಟರೆ ಮರುಸಾಲಿನಲ್ಲೇ ಹೊಸ ಬೆಲೆ ಇರುತ್ತದೆ. ರಿಯಾಕ್ಟ್‌ನಲ್ಲಿ ಸೆಟ್ ಫಂಕ್ಷನ್ ಕರೆದ ಮರುಸಾಲಿನಲ್ಲಿ ಹಳೆಯ ಬೆಲೆಯೇ ಸಿಗುತ್ತದೆ. ಹೊಸದು ಮುಂದಿನ ರೆಂಡರ್‌ಗೆ, ಅಂದರೆ ಪರದೆಯನ್ನು ಮತ್ತೆ ಬಿಡಿಸುವಾಗ. ಅರೇಗೆ ಪುಶ್ ಮಾಡಿ ಅದೇ ಅರೇಯನ್ನು ಸ್ಟೇಟ್‌ಗೆ ಮರಳಿಸಿದರೆ ಪರದೆ ಬದಲಾಗುವುದಿಲ್ಲ, ಏಕೆಂದರೆ ರಿಯಾಕ್ಟ್ ನೋಡುವುದು ಅದೇ ವಸ್ತುವೇ ಅಲ್ಲವೇ ಎಂಬುದನ್ನು. ಒಳಗೆ ಏನು ಬದಲಾಯಿತೆಂದು ಬಗೆದು ನೋಡುವುದಿಲ್ಲ. ಗ್ರಾಹಕರ ಅಭಿಪ್ರಾಯ ಎಣಿಸುವ ಅಭ್ಯಾಸದಲ್ಲಿ, ಒಂದು ಅಭಿಪ್ರಾಯವೂ ಬರುವ ಮೊದಲು ಸರಾಸರಿ ತೋರಿಸಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಫಲ, "ಸಂಖ್ಯೆಯಲ್ಲ" ಎಂಬ ಬೆಲೆ, ಪರದೆಗೆ ಬರುತ್ತದೆ. ಟೆಸ್ಟರ್ ಇದನ್ನು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ. ಆಗ ಏನು ತೋರಿಸಬೇಕು ಎಂಬುದನ್ನೂ ಇಲ್ಲಿ ನೀವೇ ಬರೆಯಬೇಕು.

2ನೇ ಭಾಗದ ಫೋನ್‌ಬುಕ್ ಅಭ್ಯಾಸದಲ್ಲಿ ಒಂದು ಹಂತ ನಮಗೆ ಬಹಳ ಇಷ್ಟ. ಎರಡು ಬ್ರೌಸರ್ ತೆರೆಯಿರಿ, ಒಂದರಲ್ಲಿ ಒಬ್ಬರ ಹೆಸರು ಅಳಿಸಿ, ಇನ್ನೊಂದರಲ್ಲಿ ಅದೇ ವ್ಯಕ್ತಿಯ ನಂಬರ್ ಬದಲಿಸಲು ಹೋಗಿ. ಸರ್ವರ್ ಒಪ್ಪುವುದಿಲ್ಲ. ಆ ದೋಷವನ್ನು ಹಿಡಿದು ಬಳಕೆದಾರರಿಗೆ ಅರ್ಥವಾಗುವ ಸಂದೇಶ ತೋರಿಸಬೇಕು, ಪಟ್ಟಿಯಿಂದ ಆ ಹೆಸರನ್ನು ತೆಗೆಯಬೇಕು. ಬಗ್ ರಿಪೋರ್ಟ್‌ನಲ್ಲಿ "ನಿರೀಕ್ಷಿತ ಫಲಿತಾಂಶ" ಎಂದು ಒಂದು ಸಾಲಿನಲ್ಲಿ ಬರೆಯುತ್ತಿದ್ದದ್ದು ಇಲ್ಲಿ ಹತ್ತು ಹನ್ನೆರಡು ಸಾಲಿನ ಕೋಡ್ ಆಗುತ್ತದೆ.

3 ಮತ್ತು 4: ಕೋರ್ಸಿನ ಜೀವಾಳ

ಸಮಯ ಕಡಿಮೆಯಿದ್ದರೆ ಉಳಿದದ್ದನ್ನು ಮೊಟಕುಗೊಳಿಸಿ, ಈ ಎರಡು ಭಾಗಗಳಿಗೆ ಮಾತ್ರ ಧಾರಾಳವಾಗಿ ಸಮಯ ಕೊಡಿ.

3ನೇ ಭಾಗದಲ್ಲಿ ಫೋನ್‌ಬುಕ್‌ಗೆ ಸ್ವಂತ ಸರ್ವರ್ ಬರೆದು ಇಂಟರ್ನೆಟ್‌ಗೆ ಹಾಕಬೇಕು. ಫೋನ್ ನಂಬರಿನ ಮೌಲ್ಯೀಕರಣ ನಿಯಮ ಹೀಗಿದೆ: ಒಟ್ಟು ಉದ್ದ 8 ಅಥವಾ ಹೆಚ್ಚು, ಒಂದು ಅಡ್ಡಗೆರೆಯಿಂದ ಬೇರ್ಪಟ್ಟ ಎರಡು ಭಾಗ, ಮೊದಲ ಭಾಗದಲ್ಲಿ 2 ಅಥವಾ 3 ಅಂಕಿ, ಎರಡನೆಯದರಲ್ಲೂ ಅಂಕಿ ಮಾತ್ರ. ಗಡಿ ಬೆಲೆಗಳನ್ನು ಪಟ್ಟಿ ಮಾಡುವುದು ನಿಮಗೆ ನೀರು ಕುಡಿದಷ್ಟು ಸುಲಭ. ಬಲೆ ಇರುವುದು ಬೇರೆ ಕಡೆ: ಮೊಂಗೋಡಿಬಿ ಡೇಟಾಬೇಸ್ ಜೊತೆ ವ್ಯವಹರಿಸುವ ಮಂಗೂಸ್ ಲೈಬ್ರರಿಯಲ್ಲಿ ಹೊಸ ದಾಖಲೆ ಉಳಿಸುವಾಗ ಮೌಲ್ಯೀಕರಣ ತಾನಾಗಿಯೇ ಓಡುತ್ತದೆ, ಐಡಿ ಹಿಡಿದು ಹುಡುಕಿ ಒಂದೇ ಕರೆಯಲ್ಲಿ ತಿದ್ದುವ ವಿಧಾನದಲ್ಲಿ ಓಡುವುದಿಲ್ಲ. ರನ್ ವ್ಯಾಲಿಡೇಟರ್ಸ್ ಎಂಬ ಆಯ್ಕೆಯನ್ನು ಪ್ರತ್ಯೇಕವಾಗಿ ಚಾಲೂ ಮಾಡಬೇಕು. ಸೇರಿಸುವಾಗ ತಡೆದ ತಪ್ಪು ನಂಬರ್ ತಿದ್ದುವಾಗ ಸಲೀಸಾಗಿ ಒಳಗೆ ಹೋಗುತ್ತದೆ. ಎಷ್ಟೋ ಪ್ರಾಡಕ್ಟ್‌ಗಳಲ್ಲಿ ಟೆಸ್ಟರ್‌ಗಳು "ಎಡಿಟ್ ಮಾಡಿ ನೋಡೋಣ" ಎಂದು ಹಿಡಿಯುವ ಬಗ್‌ಗಳ ಮೂಲ ಇಂಥದ್ದೇ.

ಎಕ್ಸ್‌ಪ್ರೆಸ್‌ನ ದೋಷ ನಿರ್ವಹಣೆಯನ್ನೂ ನಿಧಾನವಾಗಿ ಓದಿ. ದೋಷ ಹಿಡಿಯುವ ಮಿಡಲ್‌ವೇರ್ (ರಿಕ್ವೆಸ್ಟ್ ಮತ್ತು ಉತ್ತರದ ನಡುವೆ ಓಡುವ ಫಂಕ್ಷನ್) ನಾಲ್ಕು ಪ್ಯಾರಾಮೀಟರ್ ತೆಗೆದುಕೊಳ್ಳಬೇಕು, ಎಲ್ಲ ರೂಟ್‌ಗಳ (ಯಾವ ವಿಳಾಸಕ್ಕೆ ಯಾವ ಕೋಡ್ ಎಂಬ ನಿಯಮಗಳ) ನಂತರ ಕೊನೆಯಲ್ಲಿ ನೋಂದಾಯಿಸಬೇಕು. ಒಂದು ಪ್ಯಾರಾಮೀಟರ್ ಬಳಸುತ್ತಿಲ್ಲವೆಂದು ತೆಗೆದರೆ ಎಕ್ಸ್‌ಪ್ರೆಸ್ ಅದನ್ನು ಮಾಮೂಲಿ ಮಿಡಲ್‌ವೇರ್ ಎಂದೇ ಭಾವಿಸುತ್ತದೆ, ದೋಷಗಳು ಅಲ್ಲಿಗೆ ಬರುವುದೇ ಇಲ್ಲ. ಎಕ್ಸ್‌ಪ್ರೆಸ್ 4ರಲ್ಲಿ ಅಸಿಂಕ್ (ಕಾಯುವ ಕೆಲಸಗಳಿರುವ) ಫಂಕ್ಷನ್ನಿನೊಳಗಿನ ದೋಷವನ್ನು ನೀವೇ ನೆಕ್ಸ್ಟ್ ಎಂಬ ಫಂಕ್ಷನ್ನಿಗೆ ದಾಟಿಸಬೇಕಿತ್ತು, 5ರಿಂದ ಅದು ತಾನಾಗಿ ದಾಟುತ್ತದೆ. ಹಳೆಯ ಪ್ರಾಜೆಕ್ಟ್‌ಗೆ ಸೇರಿದಾಗ ಮೊದಲು ಯಾವ ಆವೃತ್ತಿ ಎಂದು ನೋಡಿ.

ಟೆಸ್ಟರ್‌ಗಳು ಇಲ್ಲಿ ಮಾಡುವ ಸಾಮಾನ್ಯ ತಪ್ಪೊಂದಿದೆ. ಆಟೊಮೇಷನ್ ಸ್ಕ್ರಿಪ್ಟ್ ನಿಲ್ಲದಿರಲೆಂದು ಪ್ರತಿಯೊಂದನ್ನೂ ಟ್ರೈ-ಕ್ಯಾಚ್‌ನಲ್ಲಿ ಸುತ್ತಿ, ದೋಷವನ್ನು ಲಾಗ್ ಮಾಡಿ ಮುಂದೆ ಹೋಗುವ ಅಭ್ಯಾಸ ಅನೇಕರಿಗಿರುತ್ತದೆ. ಅದೇ ಅಭ್ಯಾಸ ಸರ್ವರ್ ಕೋಡಿಗೆ ಬಂದರೆ ಡೇಟಾ ಉಳಿಯದಿದ್ದರೂ 200, ಅಂದರೆ ಎಲ್ಲ ಸರಿ ಎಂಬ ಉತ್ತರ, ಹೋಗುತ್ತದೆ. ದೋಷವನ್ನು ಎಲ್ಲಿ ಸರಿಪಡಿಸಲು ಸಾಧ್ಯವೋ ಅಲ್ಲಿ ಮಾತ್ರ ಹಿಡಿಯಿರಿ, ಉಳಿದಲ್ಲಿ ಮೇಲಕ್ಕೆ ಹೋಗಲು ಬಿಡಿ.

4ನೇ ಭಾಗದ ಹೆಸರಿನಲ್ಲೇ ಟೆಸ್ಟಿಂಗ್ ಇರುವುದರಿಂದ "ಇದು ನನಗೆ ಗೊತ್ತು" ಎಂದು ಹಾರಿಸುವವರು ಹೆಚ್ಚು. ಹಾಗೆ ಮಾಡಬೇಡಿ. ಇಲ್ಲಿ ಟೆಸ್ಟ್ ಮಾಡುವುದಕ್ಕಿಂತ, ಟೆಸ್ಟ್ ಮಾಡಲು ಬರುವಂತೆ ಕೋಡನ್ನು ಒಡೆಯುವುದು ಮುಖ್ಯ. ಅಪ್ಲಿಕೇಶನ್ ಒಂದು ಫೈಲ್‌ನಲ್ಲಿ, ಪೋರ್ಟ್‌ಗೆ ಕಿವಿಗೊಟ್ಟು ಕೂರುವ ಭಾಗ ಇನ್ನೊಂದರಲ್ಲಿ, ರೂಟ್‌ಗಳು ಕಂಟ್ರೋಲರ್ ಫೋಲ್ಡರಿನಲ್ಲಿ, ಮಾಡೆಲ್‌ಗಳು ಬೇರೆ. ಹೀಗೆ ಒಡೆದರೆ ಸೂಪರ್‌ಟೆಸ್ಟ್ ಲೈಬ್ರರಿ ನೀವು ಪೋರ್ಟ್ ತೆರೆಯುವ ತಾಪತ್ರಯವಿಲ್ಲದೆ ಅಪ್ಲಿಕೇಶನ್ನನ್ನು ನೇರವಾಗಿ ಕರೆಯುತ್ತದೆ. ಹೊರಗಿನಿಂದ ಪರೀಕ್ಷಿಸಿ ಅಭ್ಯಾಸವಾದವರಿಗೆ ಒಳಗಿನ ಈ ವಿನ್ಯಾಸವೇ ಹೊಸ ಪಾಠ.

ಇದೇ ಭಾಗದಲ್ಲಿ ಒಂದು ಸೊಗಸಾದ ದೋಷ ಬರುತ್ತದೆ. ಪ್ರತಿ ಟೆಸ್ಟಿಗೂ ಮೊದಲು ಡೇಟಾಬೇಸ್ ಖಾಲಿ ಮಾಡಿ, ಫಾರ್‌ಈಚ್ ಸುತ್ತಿನೊಳಗೆ ಅವೇಟ್ (ಮುಗಿಯುವವರೆಗೆ ಕಾಯು ಎಂಬ ಸೂಚನೆ) ಹಾಕಿ ಮಾದರಿ ದಾಖಲೆಗಳನ್ನು ಸೇರಿಸುತ್ತೀರಿ. ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಕಾರಣ, ಫಾರ್‌ಈಚ್‌ನ ಪ್ರತಿ ಸುತ್ತೂ ತನ್ನದೇ ಅಸಿಂಕ್ ಫಂಕ್ಷನ್. ಒಳಗಿನ ಅವೇಟ್ ಆ ಫಂಕ್ಷನ್ನನ್ನು ಮಾತ್ರ ನಿಲ್ಲಿಸುತ್ತದೆ, ಹೊರಗಿನ ಸಿದ್ಧತೆಯ ಹಂತ ಕಾಯದೆ ಮುಗಿದುಬಿಡುತ್ತದೆ. ದಾಖಲೆ ಸೇರುವ ಮೊದಲೇ ಟೆಸ್ಟ್ ಶುರು. ಎಲ್ಲ ಪ್ರಾಮಿಸ್‌ಗಳನ್ನು (ಮುಂದೆ ಬರಲಿರುವ ಫಲಿತಾಂಶಗಳನ್ನು) ಒಂದು ಅರೇಯಲ್ಲಿ ಕೂಡಿಸಿ ಪ್ರಾಮಿಸ್ ಡಾಟ್ ಆಲ್‌ಗೆ ಕಾದರೆ ಸರಿಯಾಗುತ್ತದೆ, ಆದರೆ ಅವು ಯಾವ ಕ್ರಮದಲ್ಲಿ ಮುಗಿಯುತ್ತವೆ ಎಂಬ ಖಾತ್ರಿ ಇಲ್ಲ. ಕ್ರಮ ಮುಖ್ಯವಾದರೆ ಫಾರ್-ಆಫ್ ಸುತ್ತು ಬಳಸಿ. ಒಂದೇ ಕರೆಯಲ್ಲಿ ಹಲವು ದಾಖಲೆ ಸೇರಿಸುವ ವಿಧಾನವೂ ಮಂಗೂಸ್‌ನಲ್ಲಿದೆ. ನಿಧಾನ ಮಾಡಿದರೆ ಪಾಸ್ ಆಗುತ್ತದೆಂದು ನಡುವೆ ಸ್ಲೀಪ್ ತುರುಕುವ ಮನಸ್ಸಾದರೆ ಕೈ ಕಟ್ಟಿಕೊಳ್ಳಿ, ಕಾರಣ ಸಿಗುವವರೆಗೆ ಬಿಡಬೇಡಿ.

ಇದರ ಸೋದರನೊಂದಿದೆ: ನೋಡ್‌ನ ಟೆಸ್ಟ್ ರನ್ನರ್ ಟೆಸ್ಟ್ ಫೈಲ್‌ಗಳನ್ನು ಸಮಾನಾಂತರವಾಗಿ ಓಡಿಸುತ್ತದೆ. ಬ್ಲಾಗ್‌ಗಳ ಟೆಸ್ಟ್ ಫೈಲೂ ಬಳಕೆದಾರರ ಟೆಸ್ಟ್ ಫೈಲೂ ಒಂದೇ ಡೇಟಾಬೇಸ್ ಬಳಸಿದರೆ ಒಂದು ತುಂಬಿದ್ದನ್ನು ಇನ್ನೊಂದು ಅಳಿಸುತ್ತದೆ. ಏಕಕಾಲದ ಫೈಲ್‌ಗಳ ಸಂಖ್ಯೆಯನ್ನು 1ಕ್ಕೆ ಇಳಿಸುವುದು ಸದ್ಯದ ಪರಿಹಾರ. ಫೈಲ್‌ಗೊಂದು ಪ್ರತ್ಯೇಕ ಡೇಟಾಬೇಸ್ ಕೊಡುವುದು ಬಾಳಿಕೆಯ ಪರಿಹಾರ, ಇದನ್ನು ಸ್ವಂತವಾಗಿ ಮಾಡಿ ನೋಡಿ.

ಬಳಕೆದಾರರ ಹೆಸರು ಎರಡು ಬಾರಿ ಬರಬಾರದೆಂಬ ನಿಯಮವೂ ಇಲ್ಲೇ. ಮೊದಲು ಹುಡುಕಿ, ಇಲ್ಲದಿದ್ದರೆ ಸೇರಿಸುವ ಕೋಡ್ ಒಬ್ಬರು ಬಳಸುವಾಗ ಸರಿ. ಇಬ್ಬರು ಒಂದೇ ಕ್ಷಣದಲ್ಲಿ ಬಂದರೆ ಇಬ್ಬರಿಗೂ "ಇಲ್ಲ" ಎಂಬ ಉತ್ತರ ಸಿಕ್ಕಿ ಇಬ್ಬರೂ ಸೇರುತ್ತಾರೆ. ಖಾತ್ರಿ ಕೊಡುವುದು ಒಂದೇ ಬೆಲೆ ಎರಡು ಸಲ ಸೇರದಂತೆ ತಡೆಯುವ ಡೇಟಾಬೇಸಿನ ಯೂನಿಕ್ ಇಂಡೆಕ್ಸ್ ಮಾತ್ರ. ಆದರೆ ಈಗಾಗಲೇ ನಕಲು ದಾಖಲೆಗಳಿದ್ದರೆ ಆ ಇಂಡೆಕ್ಸ್ ಸೃಷ್ಟಿಯಾಗುವುದೇ ಇಲ್ಲ. ಸಂದರ್ಶನದಲ್ಲಿ ಇದೊಂದನ್ನು ಬಿಡಿಸಿ ಹೇಳಬಲ್ಲ ಟೆಸ್ಟರ್‌ಗೆ ಒಳ್ಳೆಯ ಗುರುತು ಸಿಗುತ್ತದೆ.

5ರ ನಂತರ ಏನು ಓದಬೇಕು

5ನೇ ಭಾಗದ ಕೊನೆಯಲ್ಲಿ ಎಂಡ್-ಟು-ಎಂಡ್ ಟೆಸ್ಟಿಗೆ ಪ್ಲೇರೈಟ್ ಅಥವಾ ಸೈಪ್ರೆಸ್ ಆರಿಸಿಕೊಳ್ಳಬಹುದು. ಅನುಭವಿಗಳಿಗೆ ಇದು ಒಂದು ಸಂಜೆಯ ಕೆಲಸ. ಇಲ್ಲಿ ಗಮನಿಸಬೇಕಾದ್ದು, ಟೆಸ್ಟಿಗೆಂದೇ ಡೇಟಾ ಅಳಿಸುವ ಒಂದು ದಾರಿಯನ್ನು ಸರ್ವರ್‌ನಲ್ಲಿ ನೀವೇ ತೆರೆಯುವುದು. ಅದು ಟೆಸ್ಟ್ ಪರಿಸರದಲ್ಲಿ ಮಾತ್ರ ನೋಂದಣಿಯಾಗಬೇಕು. ಈ ಷರತ್ತು ಮರೆತು ಪ್ರೊಡಕ್ಷನ್‌ಗೆ ಹೋದರೆ ಯಾರು ಬೇಕಾದರೂ ಡೇಟಾಬೇಸ್ ಗುಡಿಸಿಹಾಕಬಹುದು.

ಮುಂದಿನವುಗಳಲ್ಲಿ 9ನೇ ಭಾಗದ ಟೈಪ್‌ಸ್ಕ್ರಿಪ್ಟ್ ಮತ್ತು 13ನೇ ಭಾಗದ ರಿಲೇಶನಲ್ ಡೇಟಾಬೇಸ್ ಕಡ್ಡಾಯವೆಂದೇ ತಿಳಿಯಿರಿ. 11ನೇ ಭಾಗದ ಸಿಐ/ಸಿಡಿ ಟೆಸ್ಟರ್‌ಗಳಿಗೆ ಬೇಗ ಕೈಹಿಡಿಯುತ್ತದೆ. ರಿಯಾಕ್ಟ್ ನೇಟಿವ್ ಮತ್ತು ಗ್ರಾಫ್‌ಕ್ಯೂಎಲ್ ನಿಮ್ಮ ಗುರಿಯ ತಂಡ ಬಳಸದಿದ್ದರೆ ಬಿಡಬಹುದು.

ಕೋರ್ಸಿನ ಮೊದಲ ದೊಡ್ಡ ಕೊರತೆ ಇಲ್ಲೇ ಕಾಣುತ್ತದೆ. ಮೂಲ ಭಾಗಗಳ ಡೇಟಾಬೇಸ್ ಕೆಲಸವೆಲ್ಲ ರಿಲೇಶನಲ್ ಅಲ್ಲದ ಮೊಂಗೋಡಿಬಿ ಮೇಲೆ ನಿಂತಿದೆ. ಪೋಸ್ಟ್‌ಗ್ರೆಸ್ ಎಂಬ ರಿಲೇಶನಲ್ ಡೇಟಾಬೇಸ್, ಟೇಬಲ್‌ಗಳ ರಚನೆ ಬದಲಿಸುವ ಮೈಗ್ರೇಷನ್ ಇವೆಲ್ಲ 13ರವರೆಗೆ ಬರುವುದಿಲ್ಲ. ಎಸ್‌ಕ್ಯೂಎಲ್ ಬರೆಯಬಲ್ಲ ಟೆಸ್ಟರ್‌ಗೆ ಇದು ಕೈಯಲ್ಲಿದ್ದ ಬಲವನ್ನು ಪಕ್ಕಕ್ಕಿಟ್ಟು ಹೊರಟಂತೆ. 5 ಮುಗಿದ ಕೂಡಲೇ ನೇರವಾಗಿ 13ಕ್ಕೆ ಹೋಗುವುದು ನಮ್ಮ ಸಲಹೆ, ನಡುವಿನದ್ದನ್ನು ನಂತರ ನೋಡಿಕೊಳ್ಳಬಹುದು.

ಎರಡನೇ ಕೊರತೆ ಇನ್ನೂ ದೊಡ್ಡದು: ನಿಮ್ಮ ಕೋಡನ್ನು ಯಾರೂ ಕೂತು ಓದುವುದಿಲ್ಲ. ಅಭ್ಯಾಸ ಮುಗಿಸಿ ಸಲ್ಲಿಸಿದ ಮೇಲೆ ಮಾದರಿ ಉತ್ತರ ಕಾಣುತ್ತದೆ, ಅಷ್ಟೇ. ಕೆಲಸ ಮಾಡುವ ಕೋಡಿಗೂ ಒಳ್ಳೆಯ ಕೋಡಿಗೂ ಇರುವ ಅಂತರ ಇನ್ನೊಬ್ಬರ ಕಣ್ಣಿಲ್ಲದೆ ತಿಳಿಯುವುದು ಕಷ್ಟ. ಇದಕ್ಕೆ 2013ರಿಂದ ನಡೆಯುತ್ತಿರುವ ಎಕ್ಸರ್ಸಿಸಂ ಎಂಬ ಉಚಿತ ತಾಣವನ್ನು ಜೊತೆಗಿಟ್ಟುಕೊಳ್ಳಿ. ಪ್ರತಿ ಸಮಸ್ಯೆಯ ಜೊತೆ ಟೆಸ್ಟ್‌ಗಳು ಸಿದ್ಧವಾಗಿ ಬರುತ್ತವೆ, ನೀವು ಅವನ್ನು ಪಾಸ್ ಮಾಡುವ ಕೋಡ್ ಬರೆಯಬೇಕು. ಬಳಿಕ ಸ್ವಯಂಸೇವಕ ಮಾರ್ಗದರ್ಶಕರಿಂದ ವಿಮರ್ಶೆ ಕೇಳಬಹುದು. ಉತ್ತರ ಬರುವುದು ಅವರ ಬಿಡುವಿನ ಮೇಲೆ. ಕೇಳುವಾಗ "ನೋಡಿ ಹೇಳಿ" ಎನ್ನದೆ "ಈ ಫಂಕ್ಷನ್ ಒಡೆಯಬೇಕೇ?" ಎಂಬಂಥ ನಿರ್ದಿಷ್ಟ ಪ್ರಶ್ನೆ ಹಾಕಿದರೆ ಉಪಯುಕ್ತ ಉತ್ತರ ಬರುವ ಸಾಧ್ಯತೆ ಹೆಚ್ಚು.

ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್ ಈ ಕೋರ್ಸಿನಲ್ಲಿ ಇಲ್ಲ. ಅದನ್ನು ಕೇಳುವ ಕಂಪನಿಗಳಿಗೆ ಬೇರೆಯೇ ತಯಾರಿ ಬೇಕು.

ಎಐ ಸಹಾಯಕಗಳ ಬಗ್ಗೆ ಒಂದು ಮಾತು. 1ರಿಂದ 5ರವರೆಗೆ ಮೊದಲ ಕರಡನ್ನು ಅವುಗಳಿಂದ ಬರೆಸಬೇಡಿ. ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ಟೆಸ್ಟರ್‌ಗಳಿಗೆ ಮೊದಲೇ ಕರಗತ. ಎಐ ಬರೆದು ನೀವು ತಿದ್ದಿದರೆ ಹಳೆಯ ಕೆಲಸವನ್ನೇ ಮುಂದುವರಿಸಿದಂತೆ. ಸ್ವಂತ ಕರಡು ಮುಗಿದ ಮೇಲೆ ವಿಮರ್ಶೆಗೆ ಕೊಡಬಹುದು.

ರೆಸ್ಯೂಮೆಯಲ್ಲಿ ಏನು ತೋರಿಸಬೇಕು

ಕೋರ್ಸಿನ ಬ್ಲಾಗ್ ಪಟ್ಟಿ ಅಪ್ಲಿಕೇಶನ್ ಹಾಕಬೇಡಿ, ಕೋರ್ಸ್ ಮುಗಿಸಿದ ಎಲ್ಲರ ಬಳಿಯೂ ಅದಿದೆ. ಟೆಸ್ಟರ್‌ಗೆ ಒಳಗು ಹೊರಗು ಗೊತ್ತಿರುವ ಸಮಸ್ಯೆಯನ್ನೇ ಎತ್ತಿಕೊಳ್ಳಿ. ನಾವು ಸೂಚಿಸುವುದು ಫ್ಲೇಕಿ ಟೆಸ್ಟ್‌ಗಳನ್ನು (ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವವನ್ನು) ಪತ್ತೆಹಚ್ಚುವ ಸಣ್ಣ ಸರ್ವಿಸ್. ಸಿಐ ಓಡಿದಾಗಲೆಲ್ಲ ಜೆಯೂನಿಟ್ ಮಾದರಿಯ ಎಕ್ಸ್‌ಎಂಎಲ್ ವರದಿ ಅದಕ್ಕೆ ಬರಬೇಕು. ಒಂದೇ ಕಮಿಟ್ ಮೇಲೆ ಪಾಸೂ ಫೇಲೂ ಆದ ಟೆಸ್ಟ್‌ಗಳನ್ನು ಅದು ಎತ್ತಿ ತೋರಿಸಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಮೂರು ಟೇಬಲ್ ಸಾಕು: ರನ್, ಟೆಸ್ಟ್, ಫಲಿತಾಂಶ.

ನೋಡಲು ಸಣ್ಣದು, ಒಳಗೆ ಎಷ್ಟೊಂದು ತೀರ್ಮಾನಗಳಿವೆ ನೋಡಿ. ನೆಟ್‌ವರ್ಕ್ ತೊಂದರೆಯಿಂದ ಒಂದೇ ವರದಿ ಎರಡು ಸಲ ಬಂದರೆ ಎರಡು ಸಲ ಎಣಿಸಬಾರದು. ರನ್ ಮತ್ತು ಟೆಸ್ಟ್ ಐಡಿಗಳ ಜೋಡಿಗೆ ಯೂನಿಕ್ ನಿಯಮ ಬೇಕು. ಆದರೆ ಫೇಲಾದ ಟೆಸ್ಟನ್ನು ಸಿಐ ಅದೇ ರನ್‌ನೊಳಗೆ ಮತ್ತೆ ಓಡಿಸಿದರೆ? ಆಗ ಎಷ್ಟನೇ ಪ್ರಯತ್ನ ಎಂಬ ಕಾಲಂ ಕೂಡ ಆ ನಿಯಮದಲ್ಲಿ ಸೇರಬೇಕು, ಇಲ್ಲದಿದ್ದರೆ ನೀವು ಹುಡುಕುತ್ತಿರುವ ಫ್ಲೇಕಿ ಟೆಸ್ಟೇ ನಕಲೆಂದು ತಿರಸ್ಕೃತವಾಗುತ್ತದೆ. ವರದಿ ಅರ್ಧಕ್ಕೆ ತುಂಡಾಗಿದ್ದರೆ ಅರ್ಧ ಉಳಿಸುವುದೋ ಪೂರ್ತಿ ಬಿಡುವುದೋ: ಟ್ರಾನ್ಸಾಕ್ಷನ್ (ಎಲ್ಲವೂ ಉಳಿಯಬೇಕು, ಇಲ್ಲವೇ ಏನೂ ಉಳಿಯಬಾರದು ಎಂಬ ಏರ್ಪಾಡು) ಬಳಸಿ ಪೂರ್ತಿ ಬಿಡಿ. ಟೆಸ್ಟಿನ ಹೆಸರು ಬದಲಾದರೆ ಹಳೆಯ ಇತಿಹಾಸ ಏನಾಗಬೇಕು? ಸಮಯವನ್ನು ಯುಟಿಸಿಯಲ್ಲಿ ಉಳಿಸಿ ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ತಿರುಗಿಸಿ. ಪ್ರಯತ್ನದ ಕಾಲಂ ಅನ್ನು ಬೇಕೆಂದೇ ಮೊದಲ ಆವೃತ್ತಿಯಲ್ಲಿ ಬಿಟ್ಟು, ಡೇಟಾ ತುಂಬಿದ ಮೇಲೆ ಮೈಗ್ರೇಷನ್ ಬರೆದು ಸೇರಿಸಿ. ಹಳೆಯ ಸಾಲುಗಳಿಗೆ ಯಾವ ಬೆಲೆ ಕೊಡಬೇಕೆಂದು ಯೋಚಿಸುವುದೇ ಒಳ್ಳೆಯ ಪಾಠ. ಪ್ರತಿ ತೀರ್ಮಾನವನ್ನೂ ಕಾರಣದೊಂದಿಗೆ ರೀಡ್‌ಮಿಯಲ್ಲಿ ಮೂರ್ನಾಲ್ಕು ಸಾಲು ಬರೆದಿಡಿ, ಸಂದರ್ಶಕರ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಇದರ ಜೊತೆಗೆ ಈಗಿನ ತಂಡದಲ್ಲಿ ನೀವೇ ದಾಖಲಿಸಿದ ಸಣ್ಣ ಬಗ್ ಒಂದನ್ನು ಸರಿಪಡಿಸಲು ಅವಕಾಶ ಕೇಳಿ. ಸಂದೇಶದ ಪಠ್ಯ, ಬಿಟ್ಟುಹೋದ ಮೌಲ್ಯೀಕರಣ, ತಪ್ಪು ವಿಂಗಡಣೆ ಇಂಥವು ಶುರುವಿಗೆ ಸರಿ. ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) 100 ಸಾಲಿನೊಳಗಿರಲಿ, ಮೊದಲು ಫೇಲಾಗಿ ಈಗ ಪಾಸಾಗುವ ಒಂದು ಟೆಸ್ಟ್ ಜೊತೆಗಿರಲಿ. ಫೈಲನ್ನು ತೆರೆದಾಗ ಕಂಡ ಬೇರೆ ಕೊಳೆಯನ್ನು ಅದೇ ರಿಕ್ವೆಸ್ಟಿನಲ್ಲಿ ತೊಳೆಯಲು ಹೋಗಬೇಡಿ. ವಿಮರ್ಶಿಸುವವರಿಗೆ ನಿಜವಾದ ಬದಲಾವಣೆ ಯಾವುದೆಂದೇ ಕಾಣದಂತಾಗುತ್ತದೆ.

ಶುರು ಮಾಡುವ ಮೊದಲು

ಒಂದು ಭಾಗದ ಅಭ್ಯಾಸಗಳನ್ನು ಒಮ್ಮೆ ಸಲ್ಲಿಸಿದರೆ ಆ ಭಾಗಕ್ಕೆ ಮತ್ತೆ ಸೇರಿಸಲು ಬರುವುದಿಲ್ಲ. ಪ್ರಮಾಣಪತ್ರ ಬೇಕಿದ್ದರೆ ಒಂದೆರಡು ಅಭ್ಯಾಸ ಉಳಿದಿರುವಾಗ ಆತುರದಿಂದ ಸಲ್ಲಿಸಬೇಡಿ. ಗಿಟ್‌ಹಬ್‌ಗೆ ಹಾಕುವ ಮೊದಲು ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಡೇಟಾಬೇಸ್ ಪಾಸ್‌ವರ್ಡ್ ಇರುವ ಎನ್ವಿರಾನ್ಮೆಂಟ್ ಫೈಲನ್ನೂ ಗಿಟ್‌ಇಗ್ನೋರ್‌ಗೆ ಸೇರಿಸಿ. ಪಾಸ್‌ವರ್ಡ್ ಒಮ್ಮೆ ಕಮಿಟ್ ಆದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿದೇ ಇರುತ್ತದೆ; ಹಾಗಾದರೆ ಪಾಸ್‌ವರ್ಡನ್ನೇ ಬದಲಿಸಿ. ಕೋರ್ಸಿನ ಪಠ್ಯ ಆಗಾಗ ಪರಿಷ್ಕೃತವಾಗುತ್ತದೆ. 4ನೇ ಭಾಗವೇ ಮೊದಲು ಜೆಸ್ಟ್ ಎಂಬ ಟೆಸ್ಟ್ ಲೈಬ್ರರಿ ಬಳಸುತ್ತಿತ್ತು, ನಂತರ ನೋಡ್‌ನ ಸ್ವಂತ ರನ್ನರ್‌ಗೆ ಬದಲಾಯಿತು. ಹಾಗಾಗಿ ಹಳೆಯ ಉತ್ತರಗಳನ್ನು ಹುಡುಕಿ ತಂದು ಅಂಟಿಸಿದರೆ ಆಮದು ಸಾಲಿನಲ್ಲೇ ದೋಷ ಬರಬಹುದು. ಮೊದಲು ಪ್ಯಾಕೇಜ್ ಫೈಲ್ ತೆರೆದು ನಿಮ್ಮಲ್ಲಿರುವ ಆವೃತ್ತಿಗಳನ್ನು ನೋಡಿಕೊಳ್ಳಿ.